ಚರ್ಚಿನ ಪತ್ರ ಬೇಡದ ವೀಸಾ

"ಇದು ನಿಮ್ಮ ಕೈಬರಹ ತಾನೇ?"

ಸಿಂಚನ ಕೇಳಿದ ರೀತಿಗೆ ಆರೋಗ್ಯಪ್ಪನವರ ಕನ್ನಡಕ ಮೂಗಿನ ತುದಿಗೆ ಜಾರಿತು. ಕೆಸರೆಯ ದಯಾಮಾತೆ ದೇವಾಲಯದ ಕಚೇರಿಯಲ್ಲಿ ಮೂವತ್ತೈದು ವರ್ಷದಿಂದ ಗುಮಾಸ್ತರಾಗಿದ್ದ ಮನುಷ್ಯ. ಇಷ್ಟು ವರ್ಷದಲ್ಲಿ ಅವರ ಮೇಜಿನ ಮೇಲೆ ಯಾರೂ ಹೀಗೆ ಎರಡೂ ಕೈ ಊರಿ ನಿಂತಿರಲಿಲ್ಲ.

"ನಂದೇ. ಅದಕ್ಕೇನೀಗ?"

"ಮದುವೇನೇ ಆಗದ ಹುಡುಗಿ ಹೆಸರಿನ ಮುಂದೆ ಮದುವೆ ಬರ್ದಿದ್ದೀರ. ಮೇಲೆ ಅದಕ್ಕೇನೀಗ ಅಂತಾನೂ ಕೇಳ್ತೀರ. ನಿಮ್ಮ ಧೈರ್ಯ ಮೆಚ್ಚಬೇಕು."

ಇಬ್ಬರ ನಡುವೆ, ಮಕ್ಕಳಿಗೆ ಹೆಸರಿಟ್ಟು ಚರ್ಚಿಗೆ ಸೇರಿಸಿಕೊಳ್ಳುವ ಜ್ಞಾನಸ್ನಾನದ 1997ನೇ ಇಸವಿಯ ಪುಸ್ತಕ ತೆರೆದು ಬಿದ್ದಿತ್ತು. ನಲವತ್ತೊಂದನೇ ಸಾಲು. ಮಗುವಿನ ಹೆಸರು ಬೀನಾ. ತಂದೆ ರಾಯಪ್ಪ, ತಾಯಿ ಸಹಾಯಮೇರಿ. ಅದೆಲ್ಲ ಮಾಸಿದ ಕಪ್ಪು ಶಾಯಿ. ಬಲತುದಿಯ ಷರಾ ಅಂಕಣದಲ್ಲಿ ಮಾತ್ರ ಹೊಸ ನೀಲಿ ಅಕ್ಷರಗಳು: 2022ರ ಮೇ 12ರಂದು ಸಣ್ಣಕೊಪ್ಪಲಿನ ಸಂತ ಇನ್ನಾಸಿ ದೇವಾಲಯದಲ್ಲಿ ಜೋಶುವಾ ಎಂಬವರೊಂದಿಗೆ ವಿವಾಹ.

ಖಾಸಗಿ ಪತ್ತೇದಾರಿ ಸಿಂಚನಳನ್ನು ಈ ಕೆಲಸಕ್ಕೆ ಹಚ್ಚಿದ್ದ ಆ ಬೀನಾ ಹಿಂದಿನ ಬೆಂಚಿನ ಮೇಲೆ ಕೂತು ಉಗುರು ಕಚ್ಚುತ್ತಿದ್ದಳು. ಇಪ್ಪತ್ತೆಂಟು ವರ್ಷ. ಹೋದ ತಿಂಗಳವರೆಗೆ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದವಳು ಈಗ ರಾಜೀನಾಮೆ ಕೊಟ್ಟು, ಸೂಟ್‌ಕೇಸು ಕಟ್ಟಿ ಕೂತಿದ್ದಳು. ಇಪ್ಪತ್ತೆರಡನೇ ತಾರೀಕು ಬ್ಯಾಂಕಾಕಿಗೆ ವಿಮಾನ. ಹೂಟಗಳ್ಳಿಯ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದು ಹನ್ನೊಂದು ತಿಂಗಳು ಇದ್ದು ಹೋದ ಕ್ರಿತ್ ಎಂಬ ಥಾಯ್ ಎಂಜಿನಿಯರ್ ಅಲ್ಲಿ ಕಾಯುತ್ತಿದ್ದ. ಅಲ್ಲಿ ಮದುವೆ ನೋಂದಣಿ ಆಗಬೇಕಾದರೆ ಈಕೆ ಅವಿವಾಹಿತೆ ಎಂಬ ಪತ್ರ ಬೇಕು. ಆ ಪತ್ರ ಕೊಡಲು ತಾಲ್ಲೂಕು ಕಚೇರಿಯವರು ನಿಮ್ಮ ಚರ್ಚಿನಿಂದ ಒಂದು ಮಾತು ಬರೆಸಿಕೊಂಡು ಬನ್ನಿ ಎಂದಿದ್ದರು. ಬರೆಸಿಕೊಳ್ಳಲು ಬಂದವಳಿಗೆ ಚರ್ಚು ಪತ್ರದ ಬದಲು ಒಬ್ಬ ಗಂಡನನ್ನೇ ಕೊಟ್ಟಿತ್ತು.

"ನಾನೇನು ಕನಸು ಕಂಡು ಬರೆದಿದ್ದೀನಾ?" ಆರೋಗ್ಯಪ್ಪ ಎದ್ದು, ಬೀರುವಿನಿಂದ ಒಂದು ದಪ್ಪ ಫೈಲು ಎಳೆದು ತಂದರು. ಬೆರಳಿಗೆ ಎಂಜಲು ಹಚ್ಚಿ ತಿರುವಿ, ಒಂದು ಚೀಟಿಯನ್ನು ಮೇಜಿನ ಮೇಲೆ ಬಡಿದರು. "ನೋಡ್ಕೊಳಮ್ಮ. ಸಣ್ಣಕೊಪ್ಪಲಿನ ಫಾದರ್ ಸಹಿ, ಮೊಹರು. ಅಂಚೇಲಿ ಬಂದಿದ್ದು. ನಮ್ಮಲ್ಲಿ ಯಾರು ಎಲ್ಲೇ ಮದುವೆ ಆಗ್ಲಿ, ಜ್ಞಾನಸ್ನಾನ ಆದ ಊರಿನ ಪುಸ್ತಕಕ್ಕೆ ಸುದ್ದಿ ಬಂದೇ ಬರುತ್ತೆ. ಒಬ್ರು ಎರಡು ಸಲ ಆಗ್ಬಾರ್ದು ಅಂತ. ಸುದ್ದಿ ಬಂತು, ಬರೆದೆ."

ಸಿಂಚನ ಚೀಟಿ ಓದಿದಳು. ಮೊಹರು ಅಸಲಿಯಾಗಿತ್ತು. ಕಳೆದ ವಾರವೆಲ್ಲ ಅವಳು ಇದು ಖೋಟಾ ಬರಹ ಎಂದೇ ನಂಬಿ ಓಡಾಡಿದ್ದಳು. ಅವಳಿಗೆ ಸೋಲುವುದಕ್ಕಿಂತ ತಪ್ಪು ದಾರಿಯಲ್ಲಿ ಪೆಟ್ರೋಲು ಸುಡುವುದು ಹೆಚ್ಚು ಸಿಟ್ಟು ತರಿಸುತ್ತಿತ್ತು.

ಬೀನಾ ಎದ್ದು ಬಂದಳು.

"ಅಂಕಲ್, ಮೂರು ವರ್ಷದಿಂದ ಪ್ರತಿ ಭಾನುವಾರ ನಿಮ್ಮ ಕಣ್ಮುಂದೇನೇ ಪೂಜೆಗೆ ಬರ್ತಿದೀನಿ. ಕುತ್ತಿಗೇಲಿ ತಾಳಿ ಇಲ್ಲ, ಪಕ್ಕದಲ್ಲಿ ಗಂಡ ಇಲ್ಲ. ಒಂದು ಮಾತು ಕೇಳ್ಬಾರ್ದಿತ್ತಾ?"

"ಎಂಗಮ್ಮ ಕೇಳೋದು?" ಆರೋಗ್ಯಪ್ಪನವರ ದನಿ ಇಳಿಯಿತು. "ಓಡೋಗಿ ಮದುವೆ ಆಗಿ, ಸರಿಹೋಗ್ದೆ ತಿರುಗಿ ಬಂದ್ಬುಟ್ಟಿದ್ದೀಯ ಅನ್ಕೊಂಡೆ. ಮನೆ ಮರ್ಯಾದೆ ವಿಷ್ಯ. ನಿಮ್ಮಮ್ಮ ಬೇಜಾರು ಮಾಡ್ಕೋತಾರೆ ಅಂತ ಸುಮ್ನಾದೆ."

"ಮರ್ಯಾದೆ!" ಸಿಂಚನ ಹಲ್ಲು ಕಚ್ಚಿದಳು. "ಊರೆಲ್ಲ ಮರ್ಯಾದಸ್ಥರೇ ಕಣ್ರೀ. ಅದಕ್ಕೇ ನನ್ನಂಥೋಳಿಗೆ ಹೊಟ್ಟೆಪಾಡು ನಡೀತಿರೋದು. ಸರಿ, ಇವಳ ಹೆಸರಲ್ಲಿ ಇನ್ಯಾರೋ ಹೋಗಿ ನಿಂತವ್ರೆ ಅಂತ ಇಟ್ಕೊಳಿ. ಬರೀ ಹೆಸರು ಹೇಳಿದ್ರೆ ಆ ಫಾದರ್ ಮದುವೆ ಮಾಡ್ಬುಡ್ತಾರಾ?"

"ಛೆ ಛೆ. ಇಲ್ಲಿಂದ ಹೊಸದಾಗಿ ತೆಗೆಸಿದ ಜ್ಞಾನಸ್ನಾನದ ಸರ್ಟಿಫಿಕೇಟ್ ಕೊಡ್ಬೇಕು. ಹಳೇದು ನಡೆಯಲ್ಲ."

"ಅದನ್ನ ಯಾರು ಬೇಕಾದ್ರೂ ತಗೊಂಡು ಹೋಗ್ಬೋದಾ?"

"ಮನೆಯೋರಿಗೆ ಮಾತ್ರ. ಸಹಿ ಹಾಕಿಸ್ಕೊಂಡು ಕೊಡ್ತೀವಿ."

ಸಿಂಚನ ಕೈ ಚಾಚಿದಳು. ಆರೋಗ್ಯಪ್ಪ ಒಂದು ಕ್ಷಣ ತಡೆದು, ಸಹಿ ಪುಸ್ತಕ ತೆಗೆದುಕೊಟ್ಟರು. 2022, ಏಪ್ರಿಲ್ 20. ಬೀನಾ, ತಂದೆ ರಾಯಪ್ಪ. ಕಾರಣ: ವಿವಾಹ. ಪಡೆದವರ ಸಹಿ...

"ವಿಲ್ಸನ್," ಎಂದು ಬೀನಾ ಓದಿದಳು. ಆಮೇಲೆ ಇನ್ನೊಮ್ಮೆ, ಗಂಟಲು ಸೀಳುವಂತೆ, "ನಮ್ಮಣ್ಣ!"

ಕ್ರಿತ್‌ನ ಹೆಸರು ಎತ್ತಿದರೆ ಸಾಕು, ಕಾಲು ಮುರೀತೀನಿ ಅನ್ನುತ್ತಿದ್ದ ಅಣ್ಣ. ಸಿಂಚನಳಿಗೆ ಆಶ್ಚರ್ಯವಾಗಲಿಲ್ಲ. ಮೊದಲ ದಿನವೇ ಅವಳ ಅನುಮಾನದ ಪಟ್ಟಿಯಲ್ಲಿ ಮೇಲೆ ಇದ್ದವನು ಅವನೇ. ಆದರೂ ಏನೋ ಕೂರುತ್ತಿರಲಿಲ್ಲ. 2022ರಲ್ಲಿ ಕ್ರಿತ್ ಮೈಸೂರನ್ನು ನಕ್ಷೆಯಲ್ಲೂ ನೋಡಿರಲಿಲ್ಲ. ಇಲ್ಲದ ಗಂಡಿಗೆ ಆಗಲೇ ಅಡ್ಡಗಾಲು ಹಾಕುವಷ್ಟು ದೂರದೃಷ್ಟಿ ವಿಲ್ಸನ್‌ಗೆ ಎಲ್ಲಿಂದ ಬಂತು?

ಅವಳು ಮತ್ತೆ ನಲವತ್ತೊಂದನೇ ಸಾಲಿಗೆ ಬಂದಳು. ಹೊಲ ಮನೆ ಇಟ್ಟುಕೊಂಡ ಒಕ್ಕಲು ಮನೆಯ ಹುಡುಗಿ ಅವಳು. ಚರ್ಚಿನ ಈ ಅಂಕಣಗಳೆಲ್ಲ ಅವಳಿಗೆ ಹೊಸವು.

"ಇಲ್ಲಿ ಜ್ಞಾನಮಾತೆ ಅಂತ ಇದೆಯಲ್ಲ, ಮರಿಯಮ್ಮ, ಸಣ್ಣಕೊಪ್ಪಲು. ಹಂಗಂದ್ರೆ?"

"ಮಗೂನ ಎತ್ತಿಕೊಂಡು ನಿಲ್ಲೋಳು. ಹೆತ್ತೋರ ಕೈಲಿ ಆಗ್ದೇ ಹೋದ್ರೆ ಮಗೂಗೆ ಅವಳೇ ದಿಕ್ಕು. ಸುಮ್ನೆ ಹೆಸರಿಗೆ ಅಲ್ಲ ಕಣಮ್ಮ ಅದು, ದೇವರ ಮುಂದೆ ಕೊಟ್ಟ ಮಾತು."

"ಅವ್ರನ್ನ ನಾನು ನೋಡೇ ಇಲ್ಲ," ಎಂದಳು ಬೀನಾ. "ನಾನು ಹುಟ್ಟಿದ ವರ್ಷಾನೇ ಹೋಗ್ಬುಟ್ರಂತೆ. ಅಮ್ಮ ಹೇಳಿದ್ದು."

ಹುಡುಗಿಯ ಜ್ಞಾನಮಾತೆಯ ಊರಿನಲ್ಲೇ ಹುಡುಗಿಯ ಕಳ್ಳ ಮದುವೆ. ಸಿಂಚನ ಫೋನು ತೆಗೆದು ಚೀಟಿಯ ಫೋಟೋ ಹಿಡಿದಳು. ಪುಸ್ತಕದ ಪುಟ ಫ್ಯಾನಿನ ಗಾಳಿಗೆ ಏಳುತ್ತಿತ್ತು. "ಹಳೇ ಪುಸ್ತಕ, ಬೆನ್ನು ಸಡಿಲ ಆಗಿದೆ," ಎನ್ನುತ್ತ ಆರೋಗ್ಯಪ್ಪ ತಾವೇ ಮುಂದೆ ಬಂದು ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಒಂದು ಫೋಟೋ ತೆಗೆದು ಇನ್ನೊಂದಕ್ಕೆ ಕೈ ಎತ್ತುವಷ್ಟರಲ್ಲಿ ಹನ್ನೆರಡರ ಗಂಟೆ ಹೊಡೆಯಿತು. ಅವರು ಪುಸ್ತಕ ಮುಚ್ಚಿ, ಬೀರುವಿಗೆ ತಳ್ಳಿ, ಬೀಗ ತಿರುಗಿಸಿದರು.

"ಊಟದ ಹೊತ್ತು," ಎಂದರು.

*

ಹೊರಗೆ ಸ್ಕೂಟರಿನ ಸೀಟು ಕಾದ ಹೆಂಚಾಗಿತ್ತು. ಬೀನಾ ಅದಕ್ಕಿಂತ ಬಿಸಿಯಾಗಿದ್ದಳು.

"ನಾನು ಹೋಗ್ತೀನಿ ಅಕ್ಕ. ಪಾಸ್‌ಪೋರ್ಟ್ ನಂದು, ಟಿಕೆಟ್ ನಂದು. ಪ್ರವಾಸಿ ಅಂತ ಹೋಗಿ ಅಲ್ಲೇ ಇದ್ಬುಡ್ತೀನಿ. ಚರ್ಚಿನ ಪುಸ್ತಕ ನೋಡೋಕೆ ಥೈಲ್ಯಾಂಡಿಂದ ಯಾರು ಬರ್ತಾರೆ? ಅಮ್ಮ ಸುರೂನಲ್ಲೇ ಹೇಳಿದ್ರು, ಪೇಪರ್ ಗೀಪರ್ ಅಂತ ಅಲೀಬೇಡ, ಮೊದ್ಲು ಹೊರಡು ಅಂತ. ಕೇಳ್ಬೇಕಿತ್ತು."

ಸಿಂಚನ ಮಾತು ಬೆಳೆಸದೆ ಮೋಹನ್‌ಗೆ ಫೋನು ಹಚ್ಚಿ ಸ್ಪೀಕರ್ ಒತ್ತಿದಳು. ಮೋಹನ್ ರಾಜೀವನಗರದಲ್ಲಿ ವೀಸಾ ಏಜೆಂಟ್. ಬೀನಾಳ ಕಾಗದಗಳನ್ನು ನೋಡಿಕೊಳ್ಳುತ್ತಿದ್ದವನು ಅವನೇ.

"ಬೀನಾ ಮುಂದೆ ಯಾವ ಯಾವ ದಾರಿ ಇದೆ, ಒಂದೇ ಉಸಿರಲ್ಲಿ ಹೇಳಿ. ಪಾಂಪ್ಲೆಟ್ ಭಾಷೆ ಬೇಡ."

"ಏನ್ ಮೇಡಂ, ಊಟಕ್ಕೆ ಮುಂಚೇನೇ ಬೈಗುಳಾನಾ?" ಮೋಹನ್ ನಕ್ಕ. "ಪ್ರವಾಸಿ ಆಗಿ ಹೋಗ್ಬೋದು. ಥಾಯ್ ಭಾಷೆ ಕಲಿಯೋಕೆ ಅಂತ ಸ್ಟೂಡೆಂಟ್ ವೀಸಾ ತಗೋಬೋದು. ಅಲ್ಲಿ ಕೆಲಸ ಸಿಕ್ಕಿದ್ರೆ ವರ್ಕ್ ವೀಸಾ. ಇಲ್ಲಾ, ಮದುವೆ ರಿಜಿಸ್ಟರ್ ಮಾಡ್ಕೊಂಡು ಥಾಯ್ ಪ್ರಜೆಯ ಹೆಂಡತಿ ಅಂತ ವೀಸಾ. ಅವರಿಗೆ ಬೇಕಿರೋದು ಕೊನೇದೇ. ಮೊದಲಿನ ಮೂರರಲ್ಲಿ ಯಾವ ಬಾಗಿಲಿಂದ ಒಳಗೆ ಹೋದ್ರೂ, ಒಂದಲ್ಲ ಒಂದು ದಿನ ಮದುವೆ ರಿಜಿಸ್ಟರ್ ಮಾಡೋ ಟೇಬಲ್ ಮುಂದೆ ನಿಲ್ಲಲೇಬೇಕು. ಅಲ್ಲಿ ಅವಿವಾಹಿತೆ ಪತ್ರ ಕೇಳ್ತಾರೆ."

"ಸುಳ್ಳು ಅಫಿಡವಿಟ್ ಕೊಟ್ರೆ?" ಬೀನಾ ಬಾಯಿ ಹಾಕಿದಳು.

"ಕೊಡಿ. ಚರ್ಚಿನ ಪುಸ್ತಕದಲ್ಲಿ ಗಂಡ ಇರೋದು ನಾಳೆ ಯಾರಾದ್ರೂ ಎತ್ತಿ ತೋರ್ಸಿದ್ರೆ ಎರಡನೇ ಮದುವೆ ಕೇಸು, ಸುಳ್ಳು ಪ್ರಮಾಣದ ಕೇಸು. ವಾಪಸ್ ಬರೋ ಟಿಕೆಟ್ ನೀವು ತಗೋಬೇಕಾಗಿಲ್ಲ, ಸರ್ಕಾರದೋರೇ ಕರ್ಕೊಂಡು ಬರ್ತಾರೆ. ಇದನ್ನೆಲ್ಲ ನಿಮ್ಮಮ್ಮಂಗೆ ಅವತ್ತೇ ಬಿಡಿಸಿ ಹೇಳಿದ್ದೆನಲ್ಲ?"

"ನಮ್ಮಮ್ಮಂಗಾ? ಯಾವತ್ತು?"

"ನೀವು ಬರೋಕೆ ಹದಿನೈದು ದಿನ ಮುಂಚೆ. ಫೆಬ್ರವರಿ ಹತ್ತು ಅಂತ ಡೈರೀಲಿದೆ. ಒಬ್ರೇ ಬಂದಿದ್ರು. ಕೇಳಿದ್ದು ಒಂದೇ ಪ್ರಶ್ನೆ. ಚರ್ಚಿನ ಪತ್ರ ಕೇಳ್ದೇ ಇರೋ ವೀಸಾ ಯಾವ್ದಪ್ಪ ಅಂತ."

ಬೀನಾಳ ಕೈ ಹೆಲ್ಮೆಟ್ಟಿನ ಮೇಲೆ ನಿಂತುಬಿಟ್ಟಿತು. ಫೆಬ್ರವರಿ ಒಂಬತ್ತರ ಸಂಜೆ ಅವಳು ಅಮ್ಮನಿಗೆ ಮೊದಲ ಸಲ ಕ್ರಿತ್‌ನ ವಿಷಯ ಹೇಳಿದ್ದಳು. ಆಗ ಯಾರೂ ಚರ್ಚಿನ ಪತ್ರದ ಮಾತನ್ನೇ ಎತ್ತಿರಲಿಲ್ಲ. ತಾಲ್ಲೂಕು ಕಚೇರಿಯವರು ಅದನ್ನು ಕೇಳಿದ್ದೇ ಎರಡು ತಿಂಗಳ ಮೇಲೆ.

ಫೋನು ಇಟ್ಟ ಮೇಲೆ ಸಿಂಚನ ಕೇಳಿದಳು. "ಕ್ರಿತ್‌ಗಿಂತ ಮುಂಚೆ ನಿಂಗೆ ಗಂಡು ಬಂದಿದ್ವಾ?"

"ನಾಲ್ಕು. ಎಲ್ಲಾ ನಮ್ಮೋರೇ. ಒಬ್ರು ಮೇಷ್ಟ್ರು. ನಾಲ್ಕನ್ನೂ ಅಮ್ಮನೇ ಬೇಡ ಅಂದ್ರು. ಒಬ್ನಿಗೆ ಹಲ್ಲುಬ್ಬು ಅಂತ, ಒಬ್ನಿಗೆ ಅಕ್ಕಂದಿರು ಜಾಸ್ತಿ ಅಂತ..." ಬೀನಾ ಮಾತು ನಿಲ್ಲಿಸಿದಳು.

ಮನೆಮಂದಿಯೆಲ್ಲ ಥಾಯ್ ಹುಡುಗ ಎಂದೊಡನೆ ಮುಖ ಸಿಂಡರಿಸಿದಾಗ ಹಿಂದು ಮುಂದು ನೋಡದೆ ಹೂಂ ಅಂದವಳು ಸಹಾಯಮೇರಿ ಒಬ್ಬಳೇ. ಬೌದ್ಧನಾದರೇನು, ಮನುಷ್ಯ ತಾನೇ ಅಂದಿದ್ದಳು. ಕ್ರಿತ್‌ಗೆ ಒಂದು ಶರ್ಟೂ ಕೊಡಿಸಿದ್ದಳು. ಎಂಥ ತಾಯಿ ಎಂದು ಸಿಂಚನ ತನ್ನ ನೋಟ್‌ಪುಸ್ತಕದಲ್ಲಿ ಬರೆದುಕೊಂಡಿದ್ದಳು, ಬರೆದು ಆ ಹೆಸರನ್ನು ಪಟ್ಟಿಯಿಂದ ಹೊಡೆದೂ ಹಾಕಿದ್ದಳು. ಈಗ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು. ಇಲ್ಲಿನ ಗಂಡಾದರೆ ಚರ್ಚಿನಲ್ಲಿ ಮದುವೆ, ಚರ್ಚಿನಲ್ಲಿ ಮದುವೆಯಾದರೆ ಆ ಪುಸ್ತಕ ತೆರೆಯಲೇಬೇಕು. ಕಡಲಾಚೆಯ ಬೌದ್ಧನಾದರೆ ತೆರೆಯಬೇಕಿಲ್ಲ.

ಅವಳು ಚೀಟಿಯ ಫೋಟೋ ತೆಗೆದು ದೊಡ್ಡದು ಮಾಡಿದಳು. ಕಚೇರಿಯಲ್ಲಿ ಮೊಹರಿನ ಮೇಲೇ ಕಣ್ಣಿಟ್ಟು ಬಿಟ್ಟುಬಿಟ್ಟಿದ್ದ ಕೆಳಗಿನ ಸಣ್ಣ ಅಕ್ಷರದ ಎರಡು ಸಾಲುಗಳನ್ನು ಓದಿ, ಸ್ಕೂಟರಿನ ಕೀ ತಿರುಗಿಸಿದಳು.

"ಹಿಂದೆ ಹತ್ಕೋ."

*

ರಾಜೀವನಗರದ ಮನೆಯಲ್ಲಿ ವಿಲ್ಸನ್ ಎರಡನೇ ಪಾಳಿಗೆ ಹೊರಡಲು ಶೂ ಕಟ್ಟುತ್ತಿದ್ದ. ಒಳಗೆ ಕಾಯಿ ತುರಿಯುವ ಸದ್ದು.

"ಬಂದ್ರಾ ಪತ್ತೇದಾರಮ್ಮ? ಆ ಜೋಶುವಾ ಸಿಕ್ಕಿದ್ನಾ? ಭಾವನ್ನ ಊಟಕ್ಕೆ ಕರೀಬೇಕು."

ಬೀನಾ ಅವನ ಕೈಯಿಂದ ಶೂ ಕಿತ್ತು ಬಾಗಿಲಾಚೆ ಎಸೆದಳು. "ನನ್ ಸರ್ಟಿಫಿಕೇಟ್ ಯಾರಿಗೆ ಮಾರ್ದೆ?"

"ತಲೆ ಕೆಟ್ಟಿದೆಯೇನೇ?"

ಸಿಂಚನ ಸಹಿ ಪುಸ್ತಕದ ವಿವರ ಹೇಳಿದಳು. ತಾರೀಕು, ಕಾರಣ, ಹೆಸರು. ವಿಲ್ಸನ್‌ನ ಮುಖದ ಗೇಲಿ ಇಳಿಯಿತು.

"ಸಹಿ ನಂದೇ. ಆ ಚಪ್ಪಟೆ ಮೂಗಿನೋನ ಹಿಂದೆ ಹೋಗ್ಬೇಡ ಅಂದಿದ್ದೂ ನಾನೇ, ಇವತ್ತೂ ಅಂತೀನಿ. ಆದ್ರೆ ಎದುರಿಗೆ ಅಂತೀನಿ ಕಣ್ರೀ, ಕದ್ದು ಮುಚ್ಚಿ ಅಲ್ಲ. ಇವಳಿಗೆ ಗಂಡು ಬರುತ್ತೆ, ಕೇಳಿದ್ರೆ ರೆಡಿ ಇರ್ಲಿ, ಒಂದು ಸರ್ಟಿಫಿಕೇಟ್ ತಗೊಂಡ್ಬಾ ಅಂತ ಅಮ್ಮ ಕಳಿಸಿದ್ರು. ತಂದ್ಕೊಟ್ಟೆ."

ಒಳಗೆ ಕಾಯಿ ತುರಿಯುವ ಸದ್ದು ನಿಂತಿತು.

"ಆಂಟಿ," ಸಿಂಚನ ಕೂಗಲಿಲ್ಲ, ಆದರೆ ದನಿ ಅಡುಗೆಮನೆಯ ಗೋಡೆ ದಾಟುವಷ್ಟಿತ್ತು. "ಹೊರಗೆ ಬನ್ನಿ."

ಸಹಾಯಮೇರಿ ಸೆರಗಿಗೆ ಕೈ ಒರೆಸುತ್ತ ಬಂದಳು. ಅರವತ್ತು ದಾಟಿದ ಗಟ್ಟಿ ಹೆಂಗಸು. "ಊಟ ಮಾಡಮ್ಮ ಮೊದ್ಲು. ಬಿಸಿಲಲ್ಲಿ ಬಂದಿದ್ದೀಯ."

"ಸಣ್ಣಕೊಪ್ಪಲಿನ ಮರಿಯಮ್ಮ ಯಾರು?"

"ಇವಳ ಜ್ಞಾನಮಾತೆ. ಸತ್ತೋಗಿ ಕಾಲ ಆಯ್ತು."

"ಯಾವಾಗ?"

"ಇವಳು ಹುಟ್ಟಿದ ವರ್ಷಾನೇ. ಯಾಕೆ?"

ಸಿಂಚನ ಫೋನನ್ನು ಅವಳ ಮುಖದ ಮುಂದೆ ಹಿಡಿದಳು. "2022ರಲ್ಲಿ ಆ ಮದುವೆಗೆ ಇಬ್ರು ಸಾಕ್ಷಿ. ಮೊದಲನೇದು ಮರಿಯಮ್ಮ. ಸತ್ತು ಇಪ್ಪತ್ತೈದು ವರ್ಷ ಆದ ಮೇಲೆ ಎದ್ದು ಬಂದು ಸಹಿ ಹಾಕಿದ್ರಾ? ಎರಡನೇದು ಯಾರು ಅಂತ ನೀವೇ ಓದಿ. ಬೇಡ, ನಾನೇ ಓದ್ತೀನಿ. ಸಹಾಯಮೇರಿ."

ವಿಲ್ಸನ್ ಗೋಡೆಗೆ ಒರಗಿದ. ಬೀನಾಳ ಫೋನು ಮೇಜಿನ ಮೇಲೆ ಗುಂಯ್‌ಗುಟ್ಟಿತು. ಪರದೆಯ ಮೇಲೆ ಕ್ರಿತ್ ಕಷ್ಟಪಟ್ಟು ಕಲಿತ ಎರಡು ಕನ್ನಡ ಪದಗಳು: ಊಟ ಆಯ್ತಾ. ಬೀನಾ ಅದನ್ನು ಬೋರಲು ಹಾಕಿದಳು.

"ಯಾರವಳು?" ಬೀನಾ ಕೇಳಿದಳು. "ನನ್ನ ಹೆಸರಲ್ಲಿ ಹೋಗಿ ನಿಂತವಳು ಯಾರು? ಪಕ್ಕದಲ್ಲಿ ನೀನೂ ನಿಂತಿದ್ದೆ. ನಿಂತು ಆಶೀರ್ವಾದ ಮಾಡಿ ಬಂದು, ಇಲ್ಲಿ ನಂಗೆ ಬಂದ ಗಂಡುಗಳಿಗೆಲ್ಲ ಹಲ್ಲು ಎಣಿಸ್ತಾ ಕೂತಿದ್ದೆ. ನಾನೊಬ್ಳು ಹುಚ್ಚಿ. ಊರೆಲ್ಲ ಬೇಡ ಅಂದ್ರೂ ನಮ್ಮಮ್ಮ ಮಾತ್ರ ಹೂಂ ಅಂದ್ರು ಅಂತ ಕ್ರಿತ್ ಹತ್ರ ಅತ್ತಿದ್ದೆ. ನಿಂಗೆ ನನ್ ಮದುವೆ ಬೇಕಾಗಿರ್ಲಿಲ್ಲ. ಆ ಪುಸ್ತಕ ಯಾರೂ ತೆಗೀಬಾರ್ದು ಅಷ್ಟೇ ಬೇಕಾಗಿತ್ತು."

"ಬೀನಾ..."

"ಹೇಳು! ನನ್ ಹೆಸರು ಯಾರಿಗೆ ಕೊಟ್ಟೆ?"

ಸಹಾಯಮೇರಿ ಅಳುತ್ತಾಳೆ ಎಂದು ಸಿಂಚನ ಕಾದಿದ್ದಳು. ಅಳಲಿಲ್ಲ. ಮುಖ ಕೆಂಪಾಯಿತು, ಅಷ್ಟೆ. ಇಪ್ಪತ್ತೆಂಟು ವರ್ಷ ಕಟ್ಟಿಟ್ಟ ಸಿಟ್ಟು ಒಮ್ಮೆಲೇ ಹೊರಬಿತ್ತು.

"ಕೊಟ್ಟಿದ್ದು ಅವಳಿಗಲ್ಲ ಕಣೇ! ಹೆಸರು ಅವಳ್ದೇ. ಅವಳ ಜ್ಞಾನಸ್ನಾನ, ಅವಳ ಸರ್ಟಿಫಿಕೇಟ್, ಅವಳ ಮದುವೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ನನ್ನ ಹೊಟ್ಟೇಲಿ ಹುಟ್ಟಿದ್ದು ಅವಳು. ಮರಿಯಮ್ಮ ಸಾಕಿದ್ಲು. ಕೊಟ್ಟಿದ್ದು ನಿಂಗೆ. ಅವಳಿಂದ ಕಿತ್ತು ನಿಂಗೆ ಕೊಟ್ಟೆ. ಸ್ಕೂಲಿಗೆ, ಕಾಲೇಜಿಗೆ, ಪಾಸ್‌ಪೋರ್ಟಿಗೆ ಎಲ್ಲಾದಕ್ಕೂ ನೀನೇ ಹಾಕ್ಕೊಂಡು ತಿರುಗಿದೆ. ಮದುವೆಗೆ ಒಂದ್ಸಲ ಅವಳು ಕೇಳಿದ್ಲು. ಹೆಂಗೆ ಇಲ್ಲ ಅನ್ನಲಿ?"

ವಿಲ್ಸನ್ ಅಮ್ಮನನ್ನೂ ತಂಗಿಯನ್ನೂ ತಿರುಗಿ ತಿರುಗಿ ನೋಡಿದ. 1997ರಲ್ಲಿ ಅವನಿಗೆ ನಾಲ್ಕು ವರ್ಷ. ತಂಗಿ ಬಂದಿದ್ದು ನೆನಪಿತ್ತು. ಯಾವ ತಂಗಿ ಎಂದು ಕೇಳಿಕೊಳ್ಳುವ ವಯಸ್ಸಲ್ಲ.

ಬೀನಾ ನಿಧಾನವಾಗಿ ಕುರ್ಚಿ ಎಳೆದು ಕೂತಳು. ಸೂಟ್‌ಕೇಸು ಅವಳ ಮೊಣಕಾಲಿಗೆ ತಾಗುತ್ತಿತ್ತು. ಅದರ ಒಳಗಿನ ಪಾಸ್‌ಪೋರ್ಟು ಈಗ ಇನ್ಯಾರದೋ. ಪ್ರವಾಸಿಯಾಗಿ, ವಿದ್ಯಾರ್ಥಿಯಾಗಿ, ಕೆಲಸಗಾರಳಾಗಿ, ಹೆಂಡತಿಯಾಗಿ ಎಂದು ಮೋಹನ್ ಎಣಿಸಿದ್ದ ನಾಲ್ಕು ಬಾಗಿಲುಗಳಿಗೂ ಒಂದು ಹೆಸರು ಬೇಕಿತ್ತು.

"ಹಂಗಾದ್ರೆ," ಎಂದಳು, ಬಹಳ ತಣ್ಣಗೆ, "ನನ್ ಜ್ಞಾನಸ್ನಾನ ಯಾವ ಪುಸ್ತಕದಲ್ಲಿದೆ?"

"ಯಾವ ಪುಸ್ತಕದಲ್ಲೂ ಇಲ್ಲ."

"ನನ್ನ ಹೆತ್ತೋರು?"

"ಗೊತ್ತಿಲ್ಲ. ಚರ್ಚಿನ ಮೆಟ್ಟಿಲ ಮೇಲೆ ಸಿಕ್ಕಿದ್ದೆ. ಇನ್ನೇನೂ ಕೇಳ್ಬೇಡ." ಸಹಾಯಮೇರಿ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಚಿಲಕ ಬಿತ್ತು. ವಿಲ್ಸನ್ ಬಾಗಿಲು ಬಡಿಯತೊಡಗಿದ.

ಸಿಂಚನ ಅಲ್ಲಾಡಲಿಲ್ಲ. ಮೊದಲ ಉತ್ತರಕ್ಕೆ ಆ ಹೆಂಗಸು ಯೋಚಿಸಿರಲೇ ಇಲ್ಲ. ಇಷ್ಟು ವರ್ಷ ಬಾಯಿಪಾಠ ಮಾಡಿಟ್ಟುಕೊಂಡವರು ಮಾತ್ರ ಅಷ್ಟು ಬೇಗ ಹೇಳುತ್ತಾರೆ. ಯಾವ ಪುಸ್ತಕದಲ್ಲೂ ಇಲ್ಲ.

ಅವಳು ಫೋನಿನಲ್ಲಿ ಜ್ಞಾನಸ್ನಾನದ ಪುಟದ ಫೋಟೋ ತೆಗೆದಳು. ಬೆಳಗಿನಿಂದ ಹತ್ತು ಸಲ ನೋಡಿದ್ದು, ಹತ್ತು ಸಲವೂ ನಲವತ್ತೊಂದನೇ ಸಾಲನ್ನು ಮಾತ್ರ. ಈಗ ಎರಡು ಬೆರಳಿನಿಂದ ಪುಟವನ್ನು ಮೇಲಕ್ಕೆ ಸರಿಸಿ ಕೆಳಗಿನ ಸಾಲಿಗೆ ಬಂದಳು.

ಆರೋಗ್ಯಪ್ಪನವರ ಹೆಬ್ಬೆರಳು. ದಪ್ಪ, ಉಗುರಿನ ಅಂಚಿಗೆ ನೀಲಿ ಶಾಯಿ. ಪುಟ ಹಾರದಿರಲಿ ಎಂದು ಒತ್ತಿದ್ದರು ಅಂದುಕೊಂಡಿದ್ದಳು. ಪುಟ ಹಿಡಿಯುವವನು ಅಂಚನ್ನು ಹಿಡಿಯುತ್ತಾನೆ. ಈ ಬೆರಳು ಪುಟದ ಒಳಗೆ, ನಲವತ್ತೆರಡನೇ ಸಾಲಿನ ಉದ್ದಕ್ಕೂ ಮಲಗಿತ್ತು. ತಾರೀಕಿನ ಜಾಗದಲ್ಲಿ ಮೇಲಿನ ಸಾಲಿನ ದಿನವೇ. ಮಗುವಿನ ಹೆಸರು ಬೆರಳಿನ ಅಡಿಗೆ. ತಂದೆಯ ಹೆಸರು ಬೆರಳಿನ ಅಡಿಗೆ. ತಾಯಿಯ ಹೆಸರು ಬೆರಳಿನ ಅಡಿಗೆ.

ಬೆರಳು ಮುಗಿಯುವಲ್ಲಿ, ಷರಾದ ಪಕ್ಕದ ಅಂಕಣ ಮಾತ್ರ ಪೂರ್ತಿ ಕಾಣುತ್ತಿತ್ತು. ಅಲ್ಲಿ, ಹೆತ್ತವರ ಕೈಲಿ ಆಗದೆ ಹೋದರೆ ಆ ಮಗುವಿಗೆ ದಿಕ್ಕಾಗಬೇಕಾದವಳ ಹೆಸರು ಮಾಸಿದ ಕಪ್ಪು ಶಾಯಿಯಲ್ಲಿ ಬರೆದಿತ್ತು.

ಜ್ಞಾನಮಾತೆ: ಸಹಾಯಮೇರಿ, ರಾಜೀವನಗರ.